ಅಪ್‌ಡೇಟ್: ಚಾರ್ಜ್ ಆಗುತ್ತಿತ್ತು, ಚಿತ್ರ ಬರುತ್ತಿರಲಿಲ್ಲ, ಕೇಬಲ್ಲೇ ಕಾರಣ

ಯುಎಸ್‌ಬಿ-ಸಿ ಕೇಬಲ್ ಹಾಕಿದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಮಾನಿಟರ್ ಮಾತ್ರ ‘ಸಿಗ್ನಲ್ ಇಲ್ಲ’ ಅನ್ನುತ್ತದೆ ಎಂದು ಕೇಳಿದ್ದೆನಲ್ಲ, ಬಗೆಹರಿಯಿತು. ಅದು ಫೋನ್ ಚಾರ್ಜರ್ ಜೊತೆ ಬಂದ ಕೇಬಲ್. ಅಂಥವುಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ 2.0 ತಂತಿಗಳಷ್ಟೇ (480 ಎಂಬಿಪಿಎಸ್). ವಿಡಿಯೊ ಹೋಗಬೇಕಾದ ನಾಲ್ಕು ಹೈಸ್ಪೀಡ್ ತಂತಿ ಜೋಡಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ, ಅದೇ ತಲೆನೋವು.

10 ಜಿಬಿಪಿಎಸ್, 100 ವ್ಯಾಟ್ ಎಂದು ಬರೆದಿರುವ 1 ಮೀಟರ್ ಕೇಬಲ್ ಹಾಕಿದ ಕೂಡಲೇ ಚಿತ್ರ ಬಂತು, ಆದರೆ 4ಕೆ ಬರೀ 30 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 30 ಸಲ ಚಿತ್ರ ಬದಲಾಗುವುದು). ಎರಡು ಜೋಡಿ ಯುಎಸ್‌ಬಿ 3 ಡೇಟಾಗೆ ಹೋಗುತ್ತಿದ್ದವು. ಮಾನಿಟರ್ ಮೆನುವಿನಲ್ಲಿ ಯುಎಸ್‌ಬಿ 3 ಬದಲು 2.0 ಆರಿಸಿದ ಮೇಲೆ ನಾಲ್ಕೂ ಜೋಡಿ ವಿಡಿಯೊಗೇ ಸಿಕ್ಕಿ 60 ಆಯಿತು. ಇದರಿಂದ ಮಾನಿಟರ್ ಹಿಂದಿನ ಪೋರ್ಟ್‌ಗಳು ನಿಧಾನವಾದವು. ಕೀಬೋರ್ಡ್, ಮೌಸ್‌ಗೆ ಅಷ್ಟು ಸಾಕು, ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡ್ರೈವ್) ಮಾತ್ರ ನೇರವಾಗಿ ಲ್ಯಾಪ್‌ಟಾಪ್‌ಗೆ.