ಹೊಸ ಲ್ಯಾಪ್‌ಟಾಪಿನಲ್ಲಿ ಅಕ್ಷರ ತೀರಾ ಸಣ್ಣದು. ದೊಡ್ಡದು ಮಾಡಿದರೆ ‘ಸೇವ್’ ಬಟನ್ನೇ ಕಾಣುವುದಿಲ್ಲ

ಪ್ರಶ್ನೆ: ಲೆಕ್ಕಿಗ, ಇಳಕಲ್

ಎಲ್ಲರಿಗೂ ನಮಸ್ಕಾರಗಳು. ನಾನು ಇಳಕಲ್ಲಿನಲ್ಲಿ ನೇಕಾರರ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಚೇರಿಯಲ್ಲಿ ಇದುವರೆಗೆ ಇದ್ದದ್ದು 18.5 ಇಂಚಿನ, 1366×768 ರೆಸಲ್ಯೂಶನ್ನಿನ (ಅಂದರೆ ಪರದೆಯ ಅಡ್ಡಕ್ಕೆ 1366, ಎತ್ತರಕ್ಕೆ 768 ಚುಕ್ಕೆಗಳ) ಹಳೆಯ ಮಾನಿಟರ್. ಈಗ ಅದರ ಜಾಗಕ್ಕೆ 14 ಇಂಚಿನ, 1920×1080 ರೆಸಲ್ಯೂಶನ್ನಿನ ಲ್ಯಾಪ್‌ಟಾಪ್ ಬಂದಿದ್ದು, ಅದರಲ್ಲಿ ವಿಂಡೋಸ್ 11 ಇದೆ. ಪರದೆ ಚೆನ್ನಾಗಿಯೇ ಇದೆ. ಆದರೆ ಸದಸ್ಯರ ಪಟ್ಟಿಯಲ್ಲಿ ಮಲ್ಲವ್ವ ಯಾರು, ಮಲ್ಲಪ್ಪ ಯಾರು ಎಂದು ಗುರುತಿಸಲು ಕುತ್ತಿಗೆ ಚಾಚಿ ನೋಡಬೇಕಾಗಿದೆ. ಒತ್ತಕ್ಷರಗಳಂತೂ ಬರೀ ಚುಕ್ಕೆಗಳಾಗಿವೆ.

ಲ್ಯಾಪ್‌ಟಾಪ್ ಕೊಟ್ಟ ಅಂಗಡಿಯವರು ರೆಸಲ್ಯೂಶನ್ನನ್ನು 1366×768ಕ್ಕೆ ಇಳಿಸಿಕೊಟ್ಟು ಹೋದರು. ಅಕ್ಷರ ದೊಡ್ಡದಾಯಿತು, ಆದರೆ ಎಲ್ಲವೂ ಮಸುಕಾಯಿತು. ನಾನೇ ಅದನ್ನು ಮೊದಲಿನಂತೆ ಮಾಡಿ, ಪರದೆಯ ಮೇಲಿನ ಅಕ್ಷರ, ಬಟನ್‌ಗಳನ್ನು ಹಿಗ್ಗಿಸುವ ‘ಸ್ಕೇಲ್’ ಅನ್ನು ಶೇ. 150ಕ್ಕೆ ಏರಿಸಿದೆ. ಓದಲು ಹಾಯೆನಿಸಿತು, ಆದರೆ ನಮ್ಮ ಲೆಕ್ಕದ ಸಾಫ್ಟ್‌ವೇರಿನ ವಿಂಡೋ ಪರದೆಗಿಂತ ಉದ್ದವಾಗಿ, ತಳದಲ್ಲಿರುವ ‘ಸೇವ್’ ಬಟನ್ ಟಾಸ್ಕ್‌ಬಾರಿನ ಹಿಂದೆ ಅಡಗಿಬಿಟ್ಟಿದೆ. ಆ ವಿಂಡೋವನ್ನು ಚಿಕ್ಕದು ಮಾಡಲು ಬರುವುದಿಲ್ಲ, ಅದಕ್ಕೆ ಸ್ಕ್ರೋಲ್ ಪಟ್ಟಿಯೂ ಇಲ್ಲ. ಅಕ್ಷರವೂ ಓದಲು ಬರಬೇಕು, ಬಟನ್ನೂ ಕೈಗೆ ಸಿಗಬೇಕು. ಇದಕ್ಕೆ ದಾರಿ ಇದೆಯೇ?

ಉತ್ತರ: ಬಾಗಲಕೋಟೆ ನವನಗರದಿಂದ

ಸರ್, ಅಂಗಡಿಯವರು ಮಾಡಿದ್ದು ಪೂರ್ತಿ ತಪ್ಪೆಂದು ನನಗೆ ಅನಿಸುವುದಿಲ್ಲ. ರೆಸಲ್ಯೂಶನ್ ಇಳಿಸಿದರೆ ಐಕಾನ್, ಅಕ್ಷರ, ಬಟನ್ ಎಲ್ಲವೂ ಒಟ್ಟಿಗೇ ದೊಡ್ಡದಾಗುತ್ತವೆ ಮತ್ತು ಹಳೆಯ ಸಾಫ್ಟ್‌ವೇರುಗಳು ತಕರಾರು ಮಾಡುವುದಿಲ್ಲ. ಒಮ್ಮೆ 1280×720 ಇಟ್ಟು ನೋಡಿರಿ. ಮಸುಕು ಅಷ್ಟೇನೂ ಕಾಣಲಿಕ್ಕಿಲ್ಲ.

ಉತ್ತರ: ಡಿಟಿಪಿ ಕೆಲಸದವನು, ಬೆಳಗಾವಿ

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. ಎಲ್‌ಸಿಡಿ ಪರದೆಯ ಮೇಲೆ ಚುಕ್ಕೆಗಳ ಸಂಖ್ಯೆ ಕಾರ್ಖಾನೆಯಲ್ಲಿಯೇ ನಿಗದಿಯಾಗಿರುತ್ತದೆ. ಅಡ್ಡ ಸಾಲಿನಲ್ಲಿರುವ 1920 ಚುಕ್ಕೆಗಳಿಗೆ 1280 ಚುಕ್ಕೆಗಳ ಚಿತ್ರವನ್ನು ಹಿಗ್ಗಿಸಿದರೆ ಒಂದೊಂದು ಚುಕ್ಕೆಯೂ ಒಂದೂವರೆ ಚುಕ್ಕೆಯ ಜಾಗವನ್ನು ತುಂಬಬೇಕಾಗುತ್ತದೆ. ಅರ್ಧ ಚುಕ್ಕೆ ಎಂಬುದು ಇಲ್ಲದ ಕಾರಣ ಅಂಚಿನಲ್ಲಿ ಬೂದು ಬಣ್ಣ ತುಂಬಿಕೊಳ್ಳುತ್ತದೆ. ಮಸುಕು ಎಂದರೆ ಅದೇ. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಸಾಲಿನ ಕೆಳಗೆ ಪುಟ್ಟದಾಗಿ ಕೂರುವ ನಮ್ಮ ಒತ್ತಕ್ಷರಗಳು ಮಾತ್ರ ಮೊದಲ ಏಟಿಗೇ ಕಲಸಿಹೋಗುತ್ತವೆ. ಆದ್ದರಿಂದ ರೆಸಲ್ಯೂಶನ್ ಎದುರು ‘ರೆಕಮೆಂಡೆಡ್’ ಎಂದಿರುವ 1920×1080 ಅನ್ನು ಮುಟ್ಟಲೇಬೇಡಿರಿ, ಗಾತ್ರದ ಹೊಂದಾಣಿಕೆಯನ್ನೆಲ್ಲ ಸ್ಕೇಲಿನಲ್ಲಿಯೇ ಮಾಡಿರಿ.

ತಮ್ಮ ಹಳೆಯ ಮಾನಿಟರಿನಲ್ಲಿ ಇಂಚಿಗೆ ಸುಮಾರು 85 ಚುಕ್ಕೆಗಳಿದ್ದವು, ಹೊಸ ಲ್ಯಾಪ್‌ಟಾಪಿನಲ್ಲಿ ಸುಮಾರು 157 ಇವೆ. ವಿಂಡೋಸಿನ ಶೇ. 100 ಎಂಬ ಅಳತೆ ಇಂಚಿಗೆ 96 ಚುಕ್ಕೆ ಎಂಬ ಲೆಕ್ಕದ ಮೇಲೆ ನಿಂತಿದೆ. ಹೀಗಾಗಿ ಅದೇ ಅಕ್ಷರ ಹೊಸ ಪರದೆಯ ಮೇಲೆ ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ದೊಡ್ಡದಾಗಿ ಬೀಳುತ್ತಿದೆ.

‘ಸೇವ್’ ಬಟನ್ ಕಾಣೆಯಾದದ್ದೂ ಲೆಕ್ಕದ ಮಾತೇ. ಸ್ಕೇಲ್ ಶೇ. 150 ಇಟ್ಟಾಗ 1080 ಸಾಲುಗಳನ್ನು ಒಂದೂವರೆಯಿಂದ ಭಾಗಿಸಬೇಕು: ಸಾಫ್ಟ್‌ವೇರಿಗೆ ಸಿಗುವ ಎತ್ತರ 720 ಮಾತ್ರ. ಹಳೆಯ ಮಾನಿಟರಿನಲ್ಲಿ 768 ಸಿಗುತ್ತಿತ್ತು. ಆ ಕಾಲದ ಲೆಕ್ಕದ ಸಾಫ್ಟ್‌ವೇರುಗಳನ್ನು ಬಹುಮಟ್ಟಿಗೆ 768ರ ಎತ್ತರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಶೇ. 125 ಇಟ್ಟರೆ 864 ಸಿಗುತ್ತದೆ. ಟಾಸ್ಕ್‌ಬಾರಿನ ಪಾಲು ಕಳೆದರೂ ತಮ್ಮ ವಿಂಡೋ ಒಳಗೆ ಕೂರುತ್ತದೆ. ಆದ್ದರಿಂದ ಸೆಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂಬ ದಾರಿಯಲ್ಲಿ ಹೋಗಿ ಸ್ಕೇಲ್ ಅನ್ನು ಶೇ. 125ಕ್ಕೆ ಇಳಿಸಿರಿ.

ಅದರಿಂದ ಕಳೆದುಕೊಳ್ಳುವ ಗಾತ್ರವನ್ನು ಇನ್ನೊಂದು ಕಡೆಯಿಂದ ತುಂಬಿಕೊಳ್ಳಬಹುದು. ಸೆಟಿಂಗ್ಸಿನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಟೆಕ್ಸ್ಟ್ ಸೈಜ್’ ಎಂಬುದಿದೆ. ಇದು ಬಟನ್, ಚಿತ್ರಗಳ ಅಳತೆಗೆ ಕೈ ಹಾಕದೆ ಅಕ್ಷರವನ್ನಷ್ಟೇ ಶೇ. 100ರಿಂದ 225ರವರೆಗೆ ಬೆಳೆಸುತ್ತದೆ. ಶೇ. 120ರ ಆಸುಪಾಸು ಸಾಕೆಂದು ನನ್ನ ಅಂದಾಜು. ಸ್ಟಾರ್ಟ್ ಮೆನು, ಫೈಲುಗಳ ಹೆಸರು, ವಿಂಡೋಗಳ ತಲೆಬರಹ ದೊಡ್ಡದಾಗುತ್ತವೆ. ಆದರೆ ಎಲ್ಲ ಸಾಫ್ಟ್‌ವೇರುಗಳೂ ಇದರ ಮಾತು ಕೇಳುವುದಿಲ್ಲ, ಹಳೆಯವು ಹೆಚ್ಚಾಗಿ ಕೇಳುವುದೇ ಇಲ್ಲ. ಡೆಸ್ಕ್‌ಟಾಪಿನ ಐಕಾನುಗಳ ಗಾತ್ರ ಬೇರೆಯೇ ಸಂಗತಿ: ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ, ಕಂಟ್ರೋಲ್ ಕೀ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಬೇಕಾದಷ್ಟು ಹಿಗ್ಗುತ್ತವೆ, ಕುಗ್ಗುತ್ತವೆ.

ಸ್ಕೇಲ್ ಬದಲಿಸಿದ ಮೇಲೆ ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಬರುವುದು ಒಳ್ಳೆಯದು. ತೆರೆದೇ ಇದ್ದ ಸಾಫ್ಟ್‌ವೇರುಗಳು ಹಳೆಯ ಅಳತೆಯನ್ನೇ ಹಿಡಿದುಕೊಂಡು ಮಸುಕಾಗಿ ನಿಂತಿರುತ್ತವೆ. ಆಮೇಲೂ ಲೆಕ್ಕದ ಸಾಫ್ಟ್‌ವೇರೊಂದೇ ಮಸುಕಾಗಿದ್ದರೆ, ಅದರ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸಿನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಹೈ ಡಿಪಿಐ ಸೆಟಿಂಗ್ಸ್ ತೆರೆದು, ‘ಓವರ್‌ರೈಡ್’ ಎಂಬುದಕ್ಕೆ ಗುರುತು ಹಾಕಿ, ‘ಸಿಸ್ಟಮ್ (ಎನ್‌ಹ್ಯಾನ್ಸ್ಡ್)’ ಆಯ್ದುಕೊಳ್ಳಿರಿ. 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಈ ಸೌಲಭ್ಯ ಹಳೆಯ ಸಾಫ್ಟ್‌ವೇರುಗಳ ಅಕ್ಷರವನ್ನು ಚಿತ್ರದಂತೆ ಹಿಗ್ಗಿಸದೆ ಹೊಸದಾಗಿ ಬರೆಯಲು ಯತ್ನಿಸುತ್ತದೆ. ಎಲ್ಲದಕ್ಕೂ ಹೊಂದುತ್ತದೆ ಎನ್ನಲಾಗದು. ಕೆಲವಲ್ಲಿ ಅಕ್ಷರಗಳು ಒಂದರ ಮೇಲೊಂದು ಏರುತ್ತವೆ. ಹಾಗಾದರೆ ಗುರುತನ್ನು ತೆಗೆದುಬಿಟ್ಟರೆ ಸಾಕು.

ಉತ್ತರ: ಕಂಪ್ಯೂಟರ್ ಶಿಕ್ಷಕಿ, ವಿಜಯಪುರ

ಬೆಳಗಾವಿಯವರು ಹೇಳಿದ್ದು ಸರಿಯಾಗಿದೆ. ಆದರೆ ಆ ಹಳೆಯ ಮಾನಿಟರನ್ನು ಏನು ಮಾಡಿದಿರಿ ಎಂದು ಯಾರೂ ಕೇಳಲಿಲ್ಲವಲ್ಲ! ಅದು ಇನ್ನೂ ಕೆಟ್ಟಿಲ್ಲವಾದರೆ ಲ್ಯಾಪ್‌ಟಾಪಿಗೆ ಜೋಡಿಸಿಕೊಳ್ಳಿರಿ. ಅದರಲ್ಲಿ ವಿಜಿಎ ಎಂಬ ಹಳೆಯ ಬಗೆಯ ಕಿಂಡಿ ಮಾತ್ರ ಇದ್ದರೆ, ಲ್ಯಾಪ್‌ಟಾಪಿನ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಪುಟ್ಟ ಕನ್ವರ್ಟರ್ ಬೇಕಾಗುತ್ತದೆ. ವಿಂಡೋಸ್ ಕೀ ಜೊತೆಗೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆಯ್ದುಕೊಂಡರೆ ಎರಡೂ ಪರದೆಗಳು ಒಂದೇ ಮೇಜಿನಂತೆ ಕೆಲಸ ಮಾಡುತ್ತವೆ.

ವಿಂಡೋಸ್‌ನಲ್ಲಿ ಪ್ರತಿ ಪರದೆಗೂ ಬೇರೆ ಬೇರೆ ಸ್ಕೇಲ್ ಇಡಲು ಬರುತ್ತದೆ. ಡಿಸ್‌ಪ್ಲೇ ಪುಟದಲ್ಲಿ ಕಾಣುವ 1, 2 ಎಂಬ ಚೌಕಗಳಲ್ಲಿ ಹಳೆಯ ಮಾನಿಟರಿನದನ್ನು ಆಯ್ದು ಶೇ. 100 ಇಟ್ಟು, ಲ್ಯಾಪ್‌ಟಾಪಿಗೆ ಶೇ. 150 ಇಡಿರಿ. ಹಳೆಯ ಮಾನಿಟರನ್ನೇ ಮುಖ್ಯ ಡಿಸ್‌ಪ್ಲೇ ಮಾಡಿ, ಸೈನ್ ಔಟ್ ಆಗಿ ಮತ್ತೆ ಬನ್ನಿರಿ. ಮುಖ್ಯ ಪರದೆಯ ಅಳತೆಯನ್ನೇ ನಂಬಿ ಶುರುವಾಗುವ ಸಾಫ್ಟ್‌ವೇರುಗಳಿರುವುದರಿಂದ ಈ ಹೆಜ್ಜೆಯನ್ನು ಬಿಡಬಾರದು. ಲೆಕ್ಕದ ಸಾಫ್ಟ್‌ವೇರನ್ನು ಅಲ್ಲಿ ತೆರೆದರೆ 768ರ ಎತ್ತರ ಪೂರ್ತಿ ಸಿಗುತ್ತದೆ, ‘ಸೇವ್’ ಬಟನ್ ಮೊದಲಿನ ಜಾಗದಲ್ಲಿಯೇ ಇರುತ್ತದೆ. ಕನ್ನಡದ ಪತ್ರ, ಈಮೇಲುಗಳನ್ನು ಲ್ಯಾಪ್‌ಟಾಪಿನ ಮೇಲೆ ಓದಿಕೊಳ್ಳಬಹುದು.

ಅಲ್ಲಿಯವರೆಗೆ ಬಟನ್ನಿಗಾಗಿ ತುರ್ತು ದಾರಿ: ಆಲ್ಟ್ ಹಿಡಿದು ಸ್ಪೇಸ್ ಒತ್ತಿ, ನಂತರ ಎಂ ಒತ್ತಿ, ಮೇಲ್ಮುಖದ ಬಾಣದ ಕೀಯಿಂದ ವಿಂಡೋವನ್ನು ಮೇಲಕ್ಕೆ ಸರಿಸುತ್ತ ಹೋದರೆ ತಳಭಾಗ ಕಾಣಿಸುತ್ತದೆ.

ಪ್ರಶ್ನೆ ಕೇಳಿದವರು, ಇಳಕಲ್

ತಮ್ಮೆಲ್ಲರಿಗೂ ಧನ್ಯವಾದಗಳು. ಶೇ. 125ಕ್ಕೆ ಇಳಿಸಿದಾಗ ಬಟನ್ ಪೂರ್ತಿ ಕಾಣುತ್ತಿದೆ. ‘ಎನ್‌ಹ್ಯಾನ್ಸ್ಡ್’ ಇಟ್ಟರೆ ಮೊತ್ತದ ಕಾಲಮ್ಮಿನ ಅಂಕಿಗಳು ಪಕ್ಕದ ಗೆರೆಯನ್ನು ದಾಟುತ್ತಿದ್ದವು, ಆದ್ದರಿಂದ ಅದನ್ನು ತೆಗೆದಿದ್ದೇನೆ. ಮಾನಿಟರ್ ಕಪಾಟಿನ ಮೇಲಿದೆ, ಕನ್ವರ್ಟರ್ ತರಿಸುತ್ತೇನೆ. ಇನ್ನೊಂದು ಸಂದೇಹ: ವಾರ್ಷಿಕ ಸಭೆಯ ನೋಟಿಸನ್ನು ವರ್ಡ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ. ಸ್ಕೇಲ್ ಬದಲಿಸಿದ್ದರಿಂದ ಪ್ರಿಂಟಿನ ಅಕ್ಷರವೂ ಬದಲಾಗುತ್ತದೆಯೇ?

ಉತ್ತರ: ಡಿಟಿಪಿ ಕೆಲಸದವನು, ಬೆಳಗಾವಿ

ಬದಲಾಗುವುದಿಲ್ಲ. ವರ್ಡ್‌ನಲ್ಲಿ 12 ಅಥವಾ 14 ಎಂದು ಕೊಡುವ ಫಾಂಟ್ ಗಾತ್ರ ಕಾಗದದ ಅಳತೆ. 72 ಪಾಯಿಂಟಿಗೆ ಒಂದು ಇಂಚು. ಪರದೆಯ ಸ್ಕೇಲ್ ಎಷ್ಟೇ ಇದ್ದರೂ ಪ್ರಿಂಟರಿಗೆ ಹೋಗುವುದು ಅದೇ. ಕಣ್ಣಿಗೆ ಕಾಣಲಿಲ್ಲವೆಂದು ಫಾಂಟನ್ನೇ 18 ಮಾಡಿ, ಒಂದು ಪುಟದ ನೋಟಿಸನ್ನು ಎರಡು ಪುಟ ಮಾಡಿಕೊಂಡು ಪ್ರಿಂಟಿಗೆ ಬರುವ ಗಿರಾಕಿಗಳನ್ನು ನಾನು ಇಲ್ಲಿ ದಿನವೂ ನೋಡುತ್ತೇನೆ. ತಾವು ಫಾಂಟನ್ನು ಮುಟ್ಟದೆ, ವ್ಯೂ ಮೆನುವಿನಲ್ಲಿ ‘ಪೇಜ್ ವಿಡ್ತ್’ ಒತ್ತಿರಿ. ಹಾಳೆ ಪರದೆಯ ಅಗಲಕ್ಕೆ ತುಂಬಿಕೊಳ್ಳುತ್ತದೆ, ಪ್ರಿಂಟ್ ಇದ್ದಂತೆಯೇ ಬರುತ್ತದೆ.