ಪಾರ್ಶ್ವವಾಯುವಿನ ನಂತರ ಮನೆಯಲ್ಲೇ ವರ್ಚುವಲ್ ರಿಯಾಲಿಟಿ ತರಬೇತಿ: ಮಾಡಿಸಿದವರು ತಿಳಿಸಿ

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ನನ್ನ ತಾಯಿಯವರಿಗೆ ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಾಯಿತು. ಎಡಗಡೆ ಇರುವುದು ಅವರ ಗಮನಕ್ಕೇ ಬರುವುದಿಲ್ಲ. ನಾವಿರುವುದು ಸಾಗರದಲ್ಲಿ, ಪ್ರತಿವಾರ ಬೆಂಗಳೂರಿಗೆ ಹೋಗಿಬರುವುದು ಕಷ್ಟ. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕೃತಕ ದೃಶ್ಯ ಕಾಣಿಸುವ ಹೆಡ್‌ಸೆಟ್ ಹಾಕಿಸಿ, ವೀಡಿಯೊ ಕರೆಯಲ್ಲೇ ತರಬೇತಿ ಕೊಡಬಹುದೆಂದು ಚಿಕಿತ್ಸಕರು ಹೇಳುತ್ತಿದ್ದಾರೆ. ಇದರಿಂದ ಪ್ರಯೋಜನವಾಗುತ್ತದೆಯೇ?

ಉತ್ತರ 1: ನಮ್ಮ ತಂದೆಯವರಿಗೂ ಇದೇ ತೊಂದರೆ ಇತ್ತು. ತಟ್ಟೆಯ ಎಡಭಾಗದ ಪಲ್ಯ ಹಾಗೆಯೇ ಉಳಿದಿರುತ್ತಿತ್ತು; ಅವರು ಮಾತ್ರ ಪಲ್ಯವನ್ನೇ ಬಡಿಸಿಲ್ಲವೆಂದು ಬೇಸರಪಡುತ್ತಿದ್ದರು.

ಹೆಡ್‌ಸೆಟ್ ಹಾಕಿಸಿದ ಮೊದಲ ದಿನ ನಾವು ಅವಸರಪಟ್ಟು, ಚಿಕಿತ್ಸಕರನ್ನು ಕೇಳದೆ ಓಡುವ ಆಟವೊಂದನ್ನು ಹಾಕಿದೆವು. ಐದೇ ನಿಮಿಷದಲ್ಲಿ ತಲೆಸುತ್ತಿ ವಾಂತಿಯಾಯಿತು. ಓಡುತ್ತಿರುವಂತೆ ಕಣ್ಣಿಗೆ ಕಂಡರೂ ಒಳಗಿವಿಗೆ ದೇಹ ಕುಳಿತಿರುವುದು ಗೊತ್ತಿರುತ್ತದೆ, ಆ ಹೊಂದಾಣಿಕೆ ತಪ್ಪಿದ್ದರಿಂದ ಹೀಗಾಯಿತೆಂದು ಚಿಕಿತ್ಸಕರು ಆಮೇಲೆ ವಿವರಿಸಿದರು. ಅಲ್ಲಿಂದ ಮುಂದೆ ಅಲುಗಾಡದ ದೃಶ್ಯ ಮಾತ್ರ: ಅಂಗಡಿಯ ಕಪಾಟು, ಅದರಲ್ಲಿ ಹೇಳಿದ ಸಾಮಾನನ್ನು ಹುಡುಕುವುದು, ಹತ್ತು ನಿಮಿಷವಾದ ಮೇಲೆ ವಿಶ್ರಾಂತಿ. ತಂದೆಯವರಿಗೆ ಕಾಣುತ್ತಿದ್ದುದೆಲ್ಲ ನಮ್ಮ ಫೋನಿನ ಪರದೆಯಲ್ಲೂ ಮೂಡುತ್ತಿದ್ದುದರಿಂದ, ಅವರು ಎಲ್ಲಿಯವರೆಗೆ ತಲೆ ತಿರುಗಿಸುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಚಿಕಿತ್ಸಕರು ದೂರದಿಂದಲೇ ಗಮನಿಸಿ ಸಾಮಾನುಗಳನ್ನು ಸ್ವಲ್ಪಸ್ವಲ್ಪವಾಗಿ ಎಡಕ್ಕೆ ಸರಿಸುತ್ತಿದ್ದರು. ಸೂಚನೆಗಳು ಇಂಗ್ಲಿಷಿನಲ್ಲಿದ್ದವು, ನಾನು ಅವರ ಎಡಗಡೆ ಕುಳಿತು ಕನ್ನಡದಲ್ಲಿ ಹೇಳುತ್ತಿದ್ದೆ. ಎಡಗೈಗೆ ಹಿಡಿತವಿಲ್ಲದ ಕಾರಣ ಬಲಗೈಯೊಂದರಿಂದಲೇ ಆಡುವಂತೆ ಹೊಂದಿಸಿದ್ದರು.

ಆರು ವಾರಗಳಲ್ಲಿ ಕಪಾಟಿನ ಎಡತುದಿಯ ಡಬ್ಬಿಯೂ ಅವರಿಗೆ ಸಿಗತೊಡಗಿತು. ಆದರೆ ತಟ್ಟೆಯ ಪಲ್ಯ ಮಾತ್ರ ಉಳಿಯುತ್ತಲೇ ಇತ್ತು! ನಮಗೆ ಬಹಳ ನಿರಾಸೆಯಾಯಿತು. ಆಗ ಚಿಕಿತ್ಸಕರು ಊಟದ ಮೇಜಿನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಕೆಂಪು ಕಾಣುವವರೆಗೂ ತಲೆ ತಿರುಗಿಸಬೇಕೆಂಬ ಒಂದೇ ನಿಯಮವನ್ನು ಹೆಡ್‌ಸೆಟ್‌ನ ಒಳಗೂ ಊಟದ ಹೊತ್ತಿನಲ್ಲೂ ಪಾಲಿಸುವಂತೆ ಮಾಡಿದರು. ಸಾಸಿವೆ, ಜೀರಿಗೆಯ ನಿಜವಾದ ಡಬ್ಬಿಗಳನ್ನು ಹುಡುಕುವ ಕೆಲಸವನ್ನೂ ಕೊಟ್ಟರು. ಪಲ್ಯ ಖಾಲಿಯಾಗತೊಡಗಿದ್ದು ಇದಾದ ಮೇಲೆಯೇ. ಆದ್ದರಿಂದ ಪರದೆಯ ಅಂಕಗಳನ್ನಲ್ಲ, ತಾಯಿಯವರ ತಟ್ಟೆಯನ್ನು ನೋಡಿ.

ಉತ್ತರ 2: ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ತರಬೇತಿ ಕೊಡುವ ಚಿಕಿತ್ಸಕಿ/ಚಿಕಿತ್ಸಕ. ಎಡಗಡೆಯ ದೃಷ್ಟಿಯೇ ಹೋಗಿದೆಯೋ, ದೃಷ್ಟಿಯಿದ್ದೂ ಗಮನ ಹೋಗುತ್ತಿಲ್ಲವೋ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಿ; ಎರಡಕ್ಕೂ ತರಬೇತಿ ಬೇರೆ. ಫಿಟ್ಸ್ ಬಂದಿದ್ದರೆ ಹೆಡ್‌ಸೆಟ್ ಹಾಕುವ ಮುನ್ನ ನರರೋಗ ತಜ್ಞರನ್ನು ಕೇಳಲೇಬೇಕು. 72 ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸುವ ಸಂಸ್ಥೆ) ವಿಮರ್ಶೆಯಲ್ಲಿ, ಕೈಯ ಚಲನೆಯ ಮಟ್ಟಿಗೆ, ಈ ವಿಧಾನ ಸಾಮಾನ್ಯ ಚಿಕಿತ್ಸೆಗಿಂತ ಮೇಲೆಂದು ಕಂಡುಬರಲಿಲ್ಲ. ಅದರ ಜೊತೆಗೆ ಸೇರಿಸಿದಾಗ ನೆರವಾಗಿತ್ತು. ಹಾಗಾಗಿ ಈಗ ನಡೆಯುತ್ತಿರುವ ವ್ಯಾಯಾಮವನ್ನು ನಿಲ್ಲಿಸಬೇಡಿ. ಹೆಡ್‌ಸೆಟ್ ಸುಮಾರು ಅರ್ಧ ಕಿಲೋ ತೂಗುವುದರಿಂದ ಕತ್ತುನೋವಿದೆಯೇ ಎಂದು ಪ್ರತಿಸಲವೂ ಕೇಳಿ; ಎರಡೂ ಬದಿಗೆ ಕೈಯಿರುವ ಗಟ್ಟಿ ಕುರ್ಚಿಯಲ್ಲೇ ಕೂರಿಸಿ.