33 ಡೆಸಿಬೆಲ್ ಇಯರ್‌ಪ್ಲಗ್ ಹಾಕಿದರೂ ಗೊರಕೆ ಕೇಳುತ್ತೆ, ಕಿವಿಯೂ ನೋಯುತ್ತೆ

ಪ್ರಶ್ನೆ: ಮೇಡಂ, ನಮ್ಮ ಯಜಮಾನರ ಗೊರಕೆಯಿಂದ ನಿದ್ದೆಯೇ ಇಲ್ಲ. ಪೊಟ್ಟಣದ ಮೇಲೆ ಎನ್‌ಆರ್‌ಆರ್ (ಎಷ್ಟು ಡೆಸಿಬೆಲ್ ಸದ್ದು ತಗ್ಗಿಸುತ್ತೆ ಅನ್ನೋ ಅಳತೆ) 33 ಅಂತಿದ್ದ ಫೋಮ್ ಇಯರ್‌ಪ್ಲಗ್ ತಗೊಂಡೆ. ಆದರೂ ಗೊರಕೆ ಕೇಳುತ್ತೆ. ನಡುರಾತ್ರಿ ಒಂದು ಉದುರಿರುತ್ತೆ, ಬೆಳಿಗ್ಗೆ ಕಿವಿ ನೋವು. ಯಾವುದು ಒಳ್ಳೆಯದು?

ಉತ್ತರ (ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ): ಹೊಸದು ಕೊಳ್ಳೋದು ಆಮೇಲೆ. ಆ 33 ಪ್ರಯೋಗಾಲಯದಲ್ಲಿ ಸರಿಯಾಗಿ ಹಾಕಿ ಅಳೆದ ಲೆಕ್ಕ. ಪ್ಲಗ್ ಅರ್ಧ ಹೊರಗೇ ನಿಂತರೆ ಅಷ್ಟು ಸಿಗೋದಿಲ್ಲ. ಸಣ್ಣ ಸಂದು ಉಳಿದರೂ ಮೊದಲು ನುಸುಳೋದು ತಗ್ಗು ಸ್ಥಾಯಿಯ ದಪ್ಪ ದನಿಯೇ, ಗೊರಕೆ ಆ ಜಾತಿಯದು. ನಿಮ್ಮದು ಉದುರುತ್ತಿದೆ ಅಂದರೆ ಆಳಕ್ಕೆ ಹೋಗಿಲ್ಲ ಅಂತಲೇ ನನ್ನ ಅನುಮಾನ.

ಕೈ ತೊಳೆದು ಒರೆಸಿಕೊಳ್ಳಿ. ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು, ಸುಕ್ಕಿಲ್ಲದ ಸಣ್ಣ ಬತ್ತಿಯ ಹಾಗೆ ಮಾಡಿ. ಸುಮ್ಮನೆ ಹಿಸುಕಿದರೆ ಮಡಿಕೆ ಬಿದ್ದು ಅಲ್ಲೇ ಸಂದಾಗುತ್ತೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಿವಿಯ ನಾಳ ಡೊಂಕು, ಎಳೆದಾಗಲೇ ನೆಟ್ಟಗಾಗೋದು. ತಕ್ಷಣ ತೂರಿಸಿ, ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಬೇಗ ಬಿಟ್ಟರೆ ಉಬ್ಬುತ್ತಾ ಹೊರಗೆ ಜಾರುತ್ತೆ. ಆಮೇಲೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಇನ್ನೂ ಬಹಳ ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಿ.

ಪ್ರಶ್ನೆ: ಮೂರು ರಾತ್ರಿ ಹೀಗೇ ಮಾಡಿದೆ ಮೇಡಂ. ಗೊರಕೆ ಎಷ್ಟೋ ಕಮ್ಮಿ! ಎಡಗಿವಿ ಹಾಯಾಗಿದೆ, ಬಲಗಿವಿ ಮಾತ್ರ ಬಿಗಿದು ನೋಯುತ್ತೆ.

ಉತ್ತರ: ಕೇಳಿ ಖುಷಿಯಾಯಿತು. ಎರಡು ಕಿವಿಯ ನಾಳವೂ ಒಂದೇ ಅಳತೆ ಇರಬೇಕೆಂದಿಲ್ಲ. ಬಲಕ್ಕೆ ಚಿಕ್ಕ ಸೈಜಿನದು, ಮೆತ್ತನೆಯ ಪಾಲಿಯುರೆಥೇನ್ ಫೋಮಿನದು ಹಾಕಿ. ಎಡದ್ದು ಹಾಗೇ ಇರಲಿ. ಸಂಖ್ಯೆ 33ರ ಬದಲು 29 ಇದ್ದರೂ ಯೋಚಿಸಬೇಡಿ. ನೋಯದೆ ಬೆಳಗಿನವರೆಗೂ ಕೂತಿರುವ 29ನ್ನೇ ನಾನು ಆರಿಸುತ್ತೇನೆ. ಮಗ್ಗುಲಾಗಿ ಮಲಗುತ್ತೀರಾದರೆ ತುದಿ ಹೊರಗೆ ಚಾಚಿಕೊಂಡಿರಬಾರದು, ದಿಂಬು ಅದನ್ನೇ ಒತ್ತುತ್ತೆ. ಆದರೆ ಬೆರಳಿಗೆ ಸಿಗದಷ್ಟು ಒಳಗೂ ತಳ್ಳಬೇಡಿ.

ತೆಗೆಯುವಾಗ ಮೆಲ್ಲಗೆ ತಿರುಗಿಸುತ್ತಾ ತೆಗೆಯಿರಿ, ಒಮ್ಮೆಲೇ ಎಳೆದರೆ ಕಿವಿಗೆ ಪೆಟ್ಟು. ಕೊಳೆಯಾದದ್ದನ್ನು, ಹೊಸೆದ ಮೇಲೆ ಮೊದಲಿನಂತೆ ಉಬ್ಬದ್ದನ್ನು ಎಸೆಯಿರಿ. ಪ್ಲಗ್ ಬದಲಿಸಿದ ಮೇಲೂ ನೋವಿದ್ದರೆ, ಕಿವಿ ಸೋರಿದರೆ ಅಥವಾ ಕೇಳೋದು ಮಂದವಾದರೆ ಹಾಕೋದು ನಿಲ್ಲಿಸಿ, ಇಎನ್‌ಟಿ ವೈದ್ಯರಿಗೆ ತೋರಿಸಿ. ಗುಗ್ಗೆ ಒಳಗೆ ಒತ್ತಿ ಕೂತಿರಬಹುದು, ಅದನ್ನು ಕಡ್ಡಿ ಹಾಕಿ ನೀವೇ ಕೆದಕಬೇಡಿ.

ಇನ್ನೊಂದು, ನಿಮ್ಮ ಯಜಮಾನರಿಗೆ ಗೊರಕೆಯ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳೋದು ಇದೆಯಾ? ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.